ಡ್ರ್ಯಾಗನ್, ಸಿಗ್ನಸ್, ಪ್ರೋಗ್ರೆಸ್: ಯಾವ ಸರಕಿಗೆ ಯಾವುದು?

ಈ ಮೂರೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ಯುವ ನೌಕೆಗಳು. ಪ್ರಯೋಗದ ಮಾದರಿ ಭೂಮಿಗೆ ಮರಳಲೇಬೇಕೇ? ಹಾಗಾದರೆ ಈ ಮೂರರಲ್ಲಿ ಕಾರ್ಗೋ ಡ್ರ್ಯಾಗನ್ ಒಂದೇ ದಾರಿ. ಶಾಖಕವಚ, ಪ್ಯಾರಾಶೂಟ್ ಇರುವುದರಿಂದ ಸುಮಾರು 3,000 ಕೆಜಿ ಹೊತ್ತು ಸಮುದ್ರಕ್ಕಿಳಿಯುತ್ತದೆ. ಉಳಿದೆರಡು ಕಸ ತುಂಬಿಕೊಂಡು ವಾತಾವರಣದಲ್ಲಿ ಉರಿದುಹೋಗುತ್ತವೆ.

ವಸ್ತು ದೊಡ್ಡದೇ? ತೂಕಕ್ಕಿಂತ ಮೊದಲು ಬಾಗಿಲು ಅಳೆಯಿರಿ. ಡ್ರ್ಯಾಗನ್‌ನ ಡಾಕಿಂಗ್ (ನಿಲ್ದಾಣಕ್ಕೆ ಕೂಡಿಕೊಳ್ಳುವ) ದ್ವಾರದ ವ್ಯಾಸ 80 ಸೆಂ.ಮೀ.; ಸಿಗ್ನಸ್ ಬಾಗಿಲು ಸುಮಾರು 94 ಸೆಂ.ಮೀ. ಚೌಕ. ಆದರೆ ಸಿಗ್ನಸ್ ತಾನಾಗಿ ಕೂಡಿಕೊಳ್ಳದು, ನಿಲ್ದಾಣದ ರೋಬಾಟ್ ತೋಳು ಕೆನಡಾರ್ಮ್2 ಹಿಡಿದು ಜೋಡಿಸಬೇಕು.

ಪ್ರೋಗ್ರೆಸ್ ಒಯ್ಯುವುದು ಸುಮಾರು 2,500 ಕೆಜಿ ಮಾತ್ರ. ಆದರೂ ನಿಲ್ದಾಣದ ರಷ್ಯನ್ ಭಾಗದ ಜ್ವೆಜ್ದಾ ಘಟಕದ ಟ್ಯಾಂಕಿಗೆ ಇಂಧನ ತುಂಬುವ ಕೆಲಸಕ್ಕೆ ಅದೇ ಬೇಕು. ಡಾಕಿಂಗ್ ಸ್ವಯಂಚಾಲಿತ 'ಕುರ್ಸ್' ವ್ಯವಸ್ಥೆಯದು. 1997ರ ಜೂನ್ 25ರಂದು ಕೈಯಿಂದ ನಡೆಸುವ ಡಾಕಿಂಗ್ ಪರೀಕ್ಷೆಯಲ್ಲಿ ಪ್ರೋಗ್ರೆಸ್ ಆಗಿನ ರಷ್ಯಾದ ಬಾಹ್ಯಾಕಾಶ ನಿಲ್ದಾಣ ಮಿರ್‌ಗೆ ಡಿಕ್ಕಿ ಹೊಡೆದು, ಸ್ಪೆಕ್ಟರ್ ಘಟಕದಿಂದ ಗಾಳಿ ಸೋರಿತ್ತು.