ಕಾಲೇಜು ಆಟ: ನಡೆಸೋದಾ, ನಿಲ್ಲಿಸೋದಾ?

ಇನ್ನೊಂದು ಮಹಾಮಾರಿ ಬಂದರೆ ಕಾಲೇಜು ಪಂದ್ಯ ನಡೆಸಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋರು ಕೊರೊನಾ ಕಾಲದ 2020ರ ಅಮೆರಿಕವನ್ನು ಒಮ್ಮೆ ನೋಡಬೇಕು. ಅಲ್ಲಿ ಎರಡೂ ದಾರಿ ಹಿಡಿದವರಿದ್ದರು.

ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಅನ್ನೋ ವಿಶ್ವವಿದ್ಯಾಲಯಗಳ ಕ್ರೀಡಾ ಗುಂಪು ಜುಲೈನಲ್ಲೇ ಆ ಸೆಮಿಸ್ಟರ್‌ಗೆ ಪಂದ್ಯ ಇಲ್ಲ ಎಂದುಬಿಟ್ಟಿತು. ಹುಡುಗರಿಗೆ ಹೊಟ್ಟೆ ಉರಿದಿರುತ್ತೆ, ಆದರೆ ವಾರ ವಾರ ಕಾಯುವ ಹಿಂಸೆ ತಪ್ಪಿತು.

ಬಿಗ್ ಟೆನ್ ಅನ್ನೋ ಇನ್ನೊಂದು ಗುಂಪು ಆಗಸ್ಟ್ 11ರಂದು ಅಮೆರಿಕನ್ ಫುಟ್‌ಬಾಲನ್ನು ಮುಂದಕ್ಕೆ ಹಾಕಿ, ಸೆಪ್ಟೆಂಬರ್ 16ಕ್ಕೆ ಮಾತು ಬದಲಿಸಿ, ಅಕ್ಟೋಬರ್‌ನಲ್ಲಿ ಆಟ ಶುರು ಮಾಡಿತು. ಆದರೆ ಸುಮ್ನೆ ಅಲ್ಲ. ದಿನಾ ಟೆಸ್ಟ್. ಪಾಸಿಟಿವ್ ಬಂದವನು 21 ದಿನ ಪಂದ್ಯಕ್ಕೆ ಇಳಿಯುವಂತಿಲ್ಲ, ಜೊತೆಗೆ ರಕ್ತ ಪರೀಕ್ಷೆ, ಇಸಿಜಿ, ಎಕೋ, ಹೃದಯದ ಎಂಆರ್‌ಐ ಎಲ್ಲ ಆಗಬೇಕು, ಯಾಕೆಂದರೆ ಹೃದಯದ ಸ್ನಾಯು ಊದಿಕೊಳ್ಳುವ ಭಯ ಇತ್ತು. ಇಷ್ಟಾದರೂ ಎಷ್ಟೋ ಪಂದ್ಯ ರದ್ದಾದವು. 2021ರ ಮಾರ್ಚ್‌ನಲ್ಲಿ ಬೇರೆ ಗುಂಪಿನ ವಿಸಿಯು ಅನ್ನೋ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ ಇಂಡಿಯಾನಾಗೆ ಬಂದು, ಪಂದ್ಯಕ್ಕೆ ಕೆಲವೇ ಗಂಟೆ ಇರುವಾಗ ಆಡದೇ ಹೊರಬಿತ್ತು. ಎಷ್ಟು ಸಂಕಟ ಅಲ್ವಾ?

ಒಂದು ವರ್ಷ ಹಾಳಾಗುತ್ತೆ ಅನ್ನೋ ಚಿಂತೆ ನ್ಯಾಯವಾದದ್ದೇ. ಅದಕ್ಕೆ ಅಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಆಡಲು ಇನ್ನೊಂದು ವರ್ಷ ಅವಕಾಶ ಕೊಟ್ಟಿತು. ನಮ್ಮಲ್ಲೂ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಮುಂದಕ್ಕೆ ಹೋಗಿ 2022ರಲ್ಲಿ ಬೆಂಗಳೂರಲ್ಲಿ ನಡೆಯಿತು.

ದಿನಾ ಟೆಸ್ಟ್ ಮಾಡಿಸೋ ದುಡ್ಡು, ಹೃದಯ ನೋಡೋ ಡಾಕ್ಟರು ಎರಡೂ ಇದ್ದರೆ ನಡೆಸಿ. ಒಂದೇ ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ ಮಲಗೋ ಕಾಲೇಜಾದರೆ ನಾನಂತೂ ನಿಲ್ಲಿಸಿ ಅಂತಲೇ ಹೇಳ್ತೀನಿ.