ಯೂಲೀನ್ ಲೌಡ್‌ನೆಸ್ ಮೀಟರ್: ವರ್ಷಗಟ್ಟಲೆ ಬಳಸಿದ ಮೇಲೆ

ನನ್ನ ಪ್ರತಿ ಪ್ರಾಜೆಕ್ಟ್‌ನ ಮಾಸ್ಟರ್ ಟ್ರ್ಯಾಕ್‌ನಲ್ಲೂ (ಹಾಡಿನ ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಕಡೆ) ಕೊನೆಯ ಪ್ಲಗಿನ್, ಅಂದರೆ ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ, ಇದೇ. ಬಳಸುತ್ತಿರುವುದು ಉಚಿತ ಆವೃತ್ತಿ. ಇದು ಸೌಂಡನ್ನು ಒಂಚೂರೂ ಮುಟ್ಟುವುದಿಲ್ಲ, ಸುಮ್ನೆ ಅಳೆದು ತೋರಿಸುತ್ತದೆ. ಆದರೂ ನನ್ನ ಮಿಕ್ಸ್‌ಗಳು ಸುಧಾರಿಸಿದ್ದು ದುಬಾರಿ ಕಂಪ್ರೆಸರ್‌ಗಳಿಗಿಂತ ಜಾಸ್ತಿ ಇದರಿಂದಲೇ.

ಮೊದಲು ಟ್ರೂ ಪೀಕ್ ವಿಷಯ. ಕೆಂಪು ದೀಪ ಹತ್ತದಿದ್ದರೆ ಕ್ಲಿಪ್ ಆಗಿಲ್ಲ, ಅಂದರೆ ಅಲೆ 0 ಡಿಬಿ ಮಿತಿ ದಾಟಿ ತುದಿ ಕತ್ತರಿಸಿಹೋಗಿಲ್ಲ ಅಂತ ನೆಮ್ಮದಿಯಾಗಿರುತ್ತೇವೆ, ಅಲ್ವಾ? ಮಾಮೂಲಿ ಪೀಕ್ ಮೀಟರ್ ನೋಡುವುದು ಸ್ಯಾಂಪಲ್‌ಗಳನ್ನು, ಅಂದರೆ ಅಲೆಯನ್ನು ಅಳೆದು ಬರೆದಿಟ್ಟ ಬಿಂದುಗಳನ್ನು ಮಾತ್ರ. ಎರಡು ಸ್ಯಾಂಪಲ್‌ಗಳ ನಡುವೆ ಅಲೆ ಇನ್ನೂ ಮೇಲಕ್ಕೆ ಹೋಗಿರಬಹುದು; ಅದನ್ನೂ ಲೆಕ್ಕ ಹಾಕಿದರೆ ಸಿಗುವುದೇ ಟ್ರೂ ಪೀಕ್. ಲಿಮಿಟರ್ (ಪೀಕ್ ಒಂದು ಮಿತಿ ದಾಟದಂತೆ ತಡೆಯುವ ಪ್ಲಗಿನ್) ಸೀಲಿಂಗನ್ನು, ಅಂದರೆ ಆ ಮಿತಿಯನ್ನು, 0ಗೆ ಇಟ್ಟು ಒತ್ತಿದ ಹಾಡುಗಳಲ್ಲಿ ಈ ಮೀಟರ್‌ನಲ್ಲಿ ಪ್ಲಸ್ ಅಂಕಿ ಕಾಣುವುದು ಮಾಮೂಲು. ಅದನ್ನೇ ಎಂಪಿ3 ಮಾಡಿದರೆ ಪೀಕ್ ಇನ್ನಷ್ಟು ಏರಬಹುದು, ಸಿಂಬಲ್ ಬಡಿದ ಕಡೆ ಚರ್ ಅನ್ನಬಹುದು. ನಾನು ಸೀಲಿಂಗನ್ನು -1 ಡಿಬಿಗೆ ಇಡುತ್ತೇನೆ.

ಇನ್ನು ಲೌಡ್‌ನೆಸ್. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡನ್ನು ಸುಮಾರು -14 ಎಲ್‌ಯುಎಫ್‌ಎಸ್‌ಗೆ ತರುತ್ತದೆ (ಇದು ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದರ ಅಳತೆ; 0ಗೆ ಹತ್ತಿರವಾದಷ್ಟೂ ಜೋರು). ನೀವು -8 ಕೊಟ್ಟರೆ 6 ಡಿಬಿ ಇಳಿಸುತ್ತದೆ, ಅಷ್ಟೇ. ಜೋರು ಹೋಯಿತು, ಅದಕ್ಕಾಗಿ ಸೌಂಡಿನ ಏರಿಳಿತ ಹಿಂಡಿದ್ದು ಮಾತ್ರ ಹಾಗೇ ಉಳಿಯಿತು. "ಇನ್ನೂ ಜೋರು ಮಾಡಿ" ಅನ್ನುವವರಿಗೆ ನಾನು ವಾದ ಮಾಡುವುದಿಲ್ಲ. -8ರ ಮಿಕ್ಸನ್ನು 6 ಡಿಬಿ ಇಳಿಸಿ -14ರ ಮಿಕ್ಸ್ ಪಕ್ಕದಲ್ಲಿ ಕೇಳಿಸುತ್ತೇನೆ. -14ರದ್ದರಲ್ಲಿ ಕಿಕ್ ಡ್ರಮ್ಮಿನ ಏಟು ಎದೆಗೆ ಬಡಿಯುತ್ತದೆ, -8ರದ್ದರಲ್ಲಿ ಕಿಕ್ಕೂ ಬೇಸೂ ಕಲಸಿಹೋಗಿ ಬರೀ ಗುಂಯ್ ಅನ್ನುತ್ತದೆ. ಆಮೇಲೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಹಾಗಂತ -14 ಅನ್ನುವುದು ಶಾಸನವೇನಲ್ಲ. ಯುರೋಪಿನ ಟಿವಿ ಪ್ರಸಾರದ ಆರ್128 ನಿಯಮ ಕೇಳುವುದು -23. ಹಾಡು -11ಕ್ಕೆ ಚೆನ್ನಾಗಿ ಕೂತರೆ ಅಲ್ಲೇ ಬಿಡುತ್ತೇನೆ.

ಮೀಟರ್ ಹೇಳದ ಸಂಗತಿಯೂ ಇದೆ. ಸೌಂಡ್ ಒಡೆಯುತ್ತಿರುವುದು ಯಾವ ಟ್ರ್ಯಾಕ್‌ನಲ್ಲಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಚಾನೆಲ್ ಒಳಗಿನ ಪ್ಲಗಿನ್ನೇ ಒಡೆಯುತ್ತಿದ್ದರೆ ಮಾಸ್ಟರ್ ಫೇಡರ್ ಇಳಿಸಿ ಪ್ರಯೋಜನವಿಲ್ಲ, ಆ ಚಾನೆಲ್‌ನ ಗೇನ್ ತಗ್ಗಿಸಬೇಕು. ಸಾಫ್ಟ್‌ವೇರ್ ಒಳಗೆ ಲೆಕ್ಕ ನಡೆಯುವ 32 ಬಿಟ್ ಫ್ಲೋಟ್‌ನಲ್ಲಿ 0 ದಾಟಿದರೂ ಅಲೆ ಉಳಿದುಕೊಳ್ಳುತ್ತದೆ ನಿಜ. ಆದರೆ 24 ಬಿಟ್ ಫೈಲ್ ತೆಗೆಯುವಾಗ ದಾಟಿದ್ದೆಲ್ಲ ಕತ್ತರಿಸಿಹೋಗುತ್ತದೆ. ಅದಕ್ಕೇ ಲಿಮಿಟರ್ ಹಾಕುವ ಮುಂಚೆ ಪೀಕ್ -6 ಆಸುಪಾಸಿನಲ್ಲಿರುವಂತೆ ಶುರುವಿನಿಂದಲೇ ಫೇಡರ್‌ಗಳನ್ನು ತಗ್ಗಿಸಿಟ್ಟುಕೊಳ್ಳುತ್ತೇನೆ.

ಹೊಸಬರಿಗೆ ಒಂದು ಮಾತು: ಇಂಟಿಗ್ರೇಟೆಡ್ ಅಂಕಿ, ಅಂದರೆ ಓಡಿಸಿದಷ್ಟರ ಒಟ್ಟಾರೆ ಲೌಡ್‌ನೆಸ್, ನೋಡುವ ಮುಂಚೆ ರೀಸೆಟ್ ಒತ್ತಿ, ಹಾಡನ್ನು ಪೂರ್ತಿ ಓಡಿಸಿ. ಪಲ್ಲವಿಯೊಂದನ್ನೇ ಲೂಪ್ ಮಾಡಿದರೆ ಸಿಗುವುದು ಪಲ್ಲವಿಯ ಲೆಕ್ಕ ಮಾತ್ರ.