ತಲೆಗೆ ಪೆಟ್ಟಾದ ಮಕ್ಕಳ ಪ್ರಜ್ಞೆಯ ಪರೀಕ್ಷೆ: ವಾರ್ಡಿನಲ್ಲಿ ಅಚ್ಚುಕಟ್ಟು, ಓಪಿಡಿಯಲ್ಲಿ ಅವಸರ

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಪುನಶ್ಚೇತನ ವಿಭಾಗದಲ್ಲಿ ನನ್ನ ತಂಗಿಯ ಮಗಳಿಗೆ ಪ್ರಜ್ಞೆಯ ಪರೀಕ್ಷೆ ಮಾಡಿಸಿದೆವು. ಮೂರು ವರ್ಷ ತುಂಬದ ಮಗು ಬೈಕಿನಿಂದ ಬಿದ್ದು, ಐಸಿಯುನಿಂದ ಹೊರಬಂದ ಮೇಲೂ ಕಣ್ಣು ಬಿಡುತ್ತಿದ್ದಳೇ ಹೊರತು ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ.

ಐಸಿಯು ಕಡತದಲ್ಲಿದ್ದದ್ದು ಪ್ರಜ್ಞೆಯ ಮಟ್ಟವನ್ನು ಅಳೆಯುವ ಗ್ಲಾಸ್ಗೋ ಕೋಮಾ ಮಾಪಕದ ಅಂಕ ಮಾತ್ರ. 1974ರಲ್ಲಿ ಬಂದ ಈ ಮಾಪಕದ ಅಂಕ 3ರಿಂದ 15ರವರೆಗೆ ಇರುತ್ತದೆ. ಮಾತು ಬಾರದ ಕೂಸುಗಳಿಗೆ ತೊದಲು, ಅಳು, ನರಳಾಟವನ್ನು ನೋಡಿ ಅಂಕ ಹಾಕುವ ಬೇರೆ ರೂಪವೂ ಇದೆ. ತುರ್ತು ಚಿಕಿತ್ಸೆಗೆ ಅದು ಸಾಕು, ಆದರೆ ಮುಂದಿನ ವಾರಗಳಲ್ಲಿ ಮೆಲ್ಲಗೆ ಮರಳುವ ಪ್ರಜ್ಞೆಯ ಸಣ್ಣಪುಟ್ಟ ಗುರುತುಗಳು ಅದರಲ್ಲಿ ಸಿಗುವುದಿಲ್ಲ. ಇಲ್ಲಿಯ ಥೆರಪಿಸ್ಟ್ ಬಳಸಿದ್ದು ಕೋಮಾ ಚೇತರಿಕೆ ಮಾಪಕದ ಮಕ್ಕಳ ರೂಪವನ್ನು. ಕೇಳುವುದು, ನೋಡುವುದು, ಕೈಕಾಲಿನ ಚಲನೆ, ಬಾಯಿ ಮತ್ತು ಮಾತು, ಸಂವಹನ, ಎಚ್ಚರ ಎಂಬ 6 ಭಾಗಗಳನ್ನು ಅದರಲ್ಲಿ ಬೇರೆಬೇರೆಯಾಗಿ ನೋಡುತ್ತಾರೆ.

ಆಕೆ ಒಂದು ಕೈಗನ್ನಡಿಯನ್ನು ಮಗುವಿನ ಮುಖದ ಮುಂದೆ ಹಿಡಿದು ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸಿದರು. ಕಣ್ಣು ಒಮ್ಮೆ ಜಾರಿತು, ಮತ್ತೊಮ್ಮೆ ತನ್ನದೇ ಮುಖದ ಹಿಂದೆ ಹೋಯಿತು. ನಮಗೆಲ್ಲ ಹಿಗ್ಗು, ಆಕೆ ಮಾತ್ರ ಅವಸರಪಡದೆ ಮರುದಿನ ಬೆಳಿಗ್ಗೆ ಮತ್ತೆ ನೋಡಿ ಬರೆದುಕೊಂಡರು. ಇಂಥ ಮಕ್ಕಳ ಎಚ್ಚರ ಗಂಟೆಗಂಟೆಗೂ ಏರಿಳಿಯುವುದರಿಂದ ಒಂದೇ ಸಲದ ಪರೀಕ್ಷೆಯನ್ನು ನಂಬುವಂತಿಲ್ಲವೆಂದು ವಿವರಿಸಿದರು. "ಬೆರಳು ಗಟ್ಟಿ ಹಿಡ್ಕೊಂತಾಳೆ" ಎಂದು ನಮ್ಮ ಅವ್ವ ಸಂಭ್ರಮಿಸಿದಾಗ, ಅಂಗೈ ಮುಟ್ಟಿದರೆ ತಾನಾಗಿ ಮುಚ್ಚುವುದೂ ಉಂಟು, ಹೇಳಿದ್ದನ್ನು ಕೇಳಿ ಹಿಡಿಯುವುದೇ ಬೇರೆ ಎಂದು ನೋಯಿಸದೆ ತಿಳಿಸಿದರು. ಹೇಳಿದ್ದನ್ನು ಮಾಡುತ್ತಾಳೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಚೆಂಡಿನ ಬದಲು ಮಗುವಿನದೇ ಸ್ಟೀಲ್ ಲೋಟ ತರಿಸಿ, "ಲೋಟ ಹಿಡಿ ಚಿನ್ನಿ" ಎಂದು ತಂಗಿಯ ಬಾಯಲ್ಲೇ ಹೇಳಿಸಿದರು. ವರ್ಷ ತುಂಬದ ಆರೋಗ್ಯವಂತ ಕೂಸೂ ಹೇಳಿದಂತೆ ಮಾಡಲಾರದು. ಆದ್ದರಿಂದ ಪ್ರತಿ ಫಲಿತಾಂಶವನ್ನೂ ವಯಸ್ಸಿಗೆ ಹೊಂದಿಸಿಯೇ ಓದಬೇಕೆಂಬ ಎಚ್ಚರ ಆಕೆಯ ಕೆಲಸದಲ್ಲಿ ಎದ್ದು ಕಾಣುತ್ತಿತ್ತು.

ಡಿಸ್ಚಾರ್ಜ್ ಆದ ಮೇಲಿನ ಓಪಿಡಿ ಸೇವೆಗೆ ಈ ಮಾತು ಹೇಳಲಾರೆ. ಜಗಳೂರಿನಿಂದ ಬೆಳಿಗ್ಗೆಯೇ ಬಂದವರನ್ನು ಮಧ್ಯಾಹ್ನದವರೆಗೆ ಕೂರಿಸಿದರು. ಅಷ್ಟರಲ್ಲಿ ಫಿಟ್ಸ್ ಔಷಧ ಕುಡಿದ ಮಗು ತೂಕಡಿಸುತ್ತಿತ್ತು. ಹೊಸಬರೊಬ್ಬರು ಉಗುರು ಒತ್ತಿ ನೋಡಿ, "ಪ್ರತಿಕ್ರಿಯೆ ಇಲ್ಲ" ಎಂದು ಬರೆದು ಮುಗಿಸಿದರು. ತಂಗಿ ತೋರಿಸಲು ಹೋದ ಮೊಬೈಲ್ ವಿಡಿಯೋವನ್ನು ನೋಡಲೇ ಇಲ್ಲ. ನಿದ್ದೆಗಣ್ಣಿನ ಮಗುವಿನ ಮೇಲೆ ಬರೆದ ಆ ಸಾಲು ಮುಂದಿನ ವೈದ್ಯರ ಕೈಸೇರುತ್ತದೆ ಎಂಬುದೇ ನನ್ನ ದೊಡ್ಡ ತಕರಾರು. ವರದಿಯಲ್ಲಿ ಒಟ್ಟು ಅಂಕವಷ್ಟೇ ಇತ್ತು, ಯಾವ ಭಾಗಕ್ಕೆ ಎಷ್ಟೆಂಬ ವಿವರವಿರಲಿಲ್ಲ. ಬಿಲ್ಲಿನ ಬಗ್ಗೆ ದೂರಿಲ್ಲ.

ವಾರ್ಡಿನ ಪರೀಕ್ಷೆಗಾದರೆ ನಿಸ್ಸಂಕೋಚವಾಗಿ ಹೋಗಬಹುದು. ಓಪಿಡಿಗೆ ಹೋಗುವವರು ಮಗು ಚುರುಕಾಗಿರುವ ಹೊತ್ತಿಗೆ ಸಮಯ ಕೇಳಿ ಪಡೆಯಿರಿ. ಔಷಧ ಕೊಟ್ಟ ವೇಳೆಯನ್ನು ಬರೆದುಕೊಂಡು ಹೋಗಿ, ಅದನ್ನು ವರದಿಯಲ್ಲೂ ಬರೆಸಿ.